ಹೊಳಪಿನ ಸ್ಪೀಕರ್ ಪೆಟ್ಟಿಗೆಗೆ ಗೀರು ಬೀಳುವುದೇಕೆ? ಘರ್ಷಣೆ ಮತ್ತು ಬೆಳಕಿನ ಪಾಠಗಳಿಗೆ ಒಂದು ಸ್ಥಳೀಯ ಚಟುವಟಿಕೆ

ಪೀಠಿಕೆ

8ನೇ ತರಗತಿಯ ವಿಜ್ಞಾನದಲ್ಲಿ ಬಲ ಮತ್ತು ಒತ್ತಡ, ಘರ್ಷಣೆ, ಶಬ್ದ, ಬೆಳಕು, ಉಜ್ಜುವಿಕೆಯಿಂದ ಉಂಟಾಗುವ ವಿದ್ಯುದಾವೇಶ ಇವೆಲ್ಲ ಬೇರೆ ಬೇರೆ ಕಡೆ ಬರುತ್ತವೆ. ಮಕ್ಕಳು ಒಂದೊಂದನ್ನೂ ಪ್ರತ್ಯೇಕವಾಗಿ ಕಲಿತು, ಪ್ರತ್ಯೇಕವಾಗಿಯೇ ಉತ್ತರಿಸುತ್ತಾರೆ. ಇವುಗಳನ್ನು ಒಂದೇ ವಸ್ತುವಿನ ಸುತ್ತ ಕಟ್ಟಬಹುದೇ ಎಂಬ ಪ್ರಶ್ನೆಯಿಂದ ಈ ಪಾಠ ಹುಟ್ಟಿತು. ಆಯ್ದ ವಸ್ತು ಶಾಲೆಯ ಪ್ರಾರ್ಥನೆಗೆ ಬಳಸುವ ಕಪ್ಪು ಹೊಳಪಿನ ಸ್ಪೀಕರ್ ಪೆಟ್ಟಿಗೆ.

ಬೋಧನಾಭ್ಯಾಸದ ಅವಧಿಯಲ್ಲಿ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಭಾಗದ ಒಂದು ಶಾಲೆಯಲ್ಲಿ, 40 ನಿಮಿಷಗಳ ಎರಡು ಅವಧಿಗಳಲ್ಲಿ ಈ ಪಾಠ ನಡೆಯಿತು. ಕ್ಯಾಸಲ್‌ರಾಕ್ ಘಟ್ಟದ ತಲೆಯ ಮೇಲಿನ ರೈಲು ನಿಲ್ದಾಣ. 1961ರವರೆಗೆ ಇದು ಪೋರ್ಚುಗೀಸರ ಗೋವಾದ ಗಡಿ ನಿಲ್ದಾಣವಾಗಿತ್ತು. ಇಂದಿಗೂ ಮುರ್ಮಗೋವಾ ಬಂದರಿನ ಕಲ್ಲಿದ್ದಲು ಹೊತ್ತ ಗೂಡ್ಸ್ ಗಾಡಿಗಳು ಇದೇ ಹಳಿಯ ಮೇಲೆ ಘಟ್ಟ ಹತ್ತಿ ಬರುತ್ತವೆ. ಮಳೆಗಾಲದಲ್ಲಿ ಗೋಡೆಯೇ ಬೆವರುವಷ್ಟು ತೇವ, ಬೇಸಿಗೆಯಲ್ಲಿ ಕೆಂಪು ಮತ್ತು ಕಪ್ಪು ಧೂಳು. ಹೊಳಪಿನ ವಸ್ತುವನ್ನು ಕಾಪಾಡುವ ಪಾಠಕ್ಕೆ ಇದಕ್ಕಿಂತ ತಕ್ಕ ಊರು ಸಿಗುವುದು ಕಷ್ಟ.

ಸಮಸ್ಯೆಯ ಹಿನ್ನೆಲೆ

ಆ ಪೆಟ್ಟಿಗೆ ಊರಿನವರ ವಂತಿಗೆಯಿಂದ ಬಂದದ್ದು. ಪ್ರಾರ್ಥನೆಗೆ ಮೊದಲು ಅದನ್ನು ಒರೆಸುವ ಕೆಲಸ ಒಬ್ಬ ವಿದ್ಯಾರ್ಥಿನಿಯದು. ಅದರ ಮೇಲ್ಮೈ ತುಂಬ ಜೇಡರ ಬಲೆಯಂಥ ಸಣ್ಣ ಗೀರುಗಳು ಎದ್ದಿದ್ದವು. ತರಗತಿಯಲ್ಲಿ ‘ಇದು ಹೀಗೇಕಾಯಿತು?’ ಎಂದು ಕೇಳಿದಾಗ ಬಂದ ಮೊದಲ ಉತ್ತರ, ‘ಅವಳು ಜೋರಾಗಿ ತಿಕ್ಕುತ್ತಾಳೆ, ಟೀಚರ್.’ ಎರಡನೆಯದು, ‘ಗೋಲ ಗೋಲ ಒರೆಸುತ್ತಾಳೆ, ಅದಕ್ಕೇ ಗೀರೂ ಗೋಲವಾಗಿವೆ.’ ಆ ಹುಡುಗಿ ತಲೆ ತಗ್ಗಿಸಿ ಕುಳಿತಳು.

ಈ ಎರಡು ಉತ್ತರಗಳೂ ವಿಜ್ಞಾನದ ದೃಷ್ಟಿಯಿಂದ ಪರೀಕ್ಷಿಸಬಹುದಾದ ಹೇಳಿಕೆಗಳು. ಆದ್ದರಿಂದ ಅವನ್ನು ಅಲ್ಲಗಳೆಯದೆ, ಗದರದೆ, ಕಪ್ಪುಹಲಗೆಯ ಎಡಭಾಗದಲ್ಲಿ ‘ನಮ್ಮ ಊಹೆಗಳು’ ಎಂಬ ತಲೆಬರಹದಡಿ ಬರೆಯಲಾಯಿತು. ಹೆಸರು ಬರೆಯಲಿಲ್ಲ. ‘ಜೋರಾಗಿ ತಿಕ್ಕಿದರೆ ಗೀರು ಬೀಳುತ್ತದೆ’, ‘ಗೋಲವಾಗಿ ಒರೆಸಿದ್ದರಿಂದ ಗೀರು ಗೋಲವಾಗಿದೆ’ ಎಂದು ಮಾತ್ರ ಬರೆದದ್ದು. ವ್ಯಕ್ತಿಯ ಮೇಲಿನ ದೂರು ಹೀಗೆ ಪ್ರಯೋಗಕ್ಕೆ ಒಗ್ಗುವ ಹೇಳಿಕೆಯಾಯಿತು.

ಕಲಿಕಾ ಫಲಗಳು

1. ನಯವಾದ ಮೇಲ್ಮೈ ಹೊಳೆಯುವುದಕ್ಕೂ ಗೀರು ಬಿದ್ದ ಮೇಲ್ಮೈ ಮಂಕಾಗುವುದಕ್ಕೂ ಕಾರಣವನ್ನು ಬೆಳಕಿನ ಪ್ರತಿಫಲನದ ಮೂಲಕ ವಿವರಿಸುವುದು.
2. ಗಡಸುತನ, ಒತ್ತಡ ಮತ್ತು ಘರ್ಷಣೆಗಳ ಸಂಬಂಧವನ್ನು ಪ್ರಯೋಗದಿಂದ ಗುರುತಿಸುವುದು.
3. ಒಮ್ಮೆಗೆ ಒಂದೇ ಅಂಶ ಬದಲಿಸಿ ಹೋಲಿಸುವ ಕ್ರಮವನ್ನು ಅನುಸರಿಸುವುದು.
4. ಹೊಳಪಿನ ಪೆಟ್ಟಿಗೆಯನ್ನು ಗೀರಾಗದಂತೆ ಸ್ವಚ್ಛಗೊಳಿಸುವ ಪ್ರತಿ ಹಂತಕ್ಕೂ ಕಾರಣ ಹೇಳುವುದು.

ಬೋಧನೋಪಕರಣಗಳು

ಟಾರ್ಚು, ಭೂತಗನ್ನಡಿ, ಆಯಸ್ಕಾಂತ, ಬಿಳಿ ಕಾಗದ, ಸಣ್ಣ ಮರದ ತುಂಡು, ದಾರ, ಒಂದು ಲೀಟರ್ ನೀರಿನ ಬಾಟಲಿ, ತೊಳೆದು ಒಣಗಿಸಿದ ಮೈಕ್ರೋಫೈಬರ್ ಬಟ್ಟೆ ನಾಲ್ಕು ತುಂಡು. ಪ್ರಯೋಗಕ್ಕೆ ಶಾಲೆಯ ಪೆಟ್ಟಿಗೆಯನ್ನು ಮುಟ್ಟಬಾರದು. ಅದರ ಬದಲು ರಾಮನಗರದ ರಿಪೇರಿ ಅಂಗಡಿಯಲ್ಲಿ ಸಿಕ್ಕ ಕೆಟ್ಟ ಟಿವಿಯ ಕಪ್ಪು ಹೊಳಪಿನ ಪ್ಲಾಸ್ಟಿಕ್ ಚೌಕಟ್ಟನ್ನು ತುಂಡು ಮಾಡಿ ಬಳಸಲಾಯಿತು.

ಹಂತ 1: ತೊಡಗಿಸಿಕೊಳ್ಳುವಿಕೆ

ಕಿಟಕಿ ಮುಚ್ಚಿ, ಪೆಟ್ಟಿಗೆಯ ಮೇಲೆ ಟಾರ್ಚು ಬಿಡಲಾಯಿತು. ಬೆಳಕಿನ ಚುಕ್ಕೆಯ ಸುತ್ತ ಗೀರುಗಳು ಬಳೆಗಳಂತೆ ಸುತ್ತಿಕೊಂಡು ಕಂಡವು. ‘ನೋಡಿ ಟೀಚರ್, ಗೋಲವೇ!’ ಎಂದರು. ಆಗ ಟಾರ್ಚನ್ನು ನಿಧಾನ ಪಕ್ಕಕ್ಕೆ ಸರಿಸಿ, ‘ಈಗ ಬಳೆಗಳ ನಡುಬಿಂದು ಎಲ್ಲಿದೆ?’ ಎಂದು ಕೇಳಿದೆ. ನಡುಬಿಂದು ಟಾರ್ಚಿನ ಜತೆಗೇ ಸರಿಯಿತು! ಪೆಟ್ಟಿಗೆಯ ಮೇಲಿನ ಗೀರು ನಡೆದಾಡುವುದುಂಟೇ? ತರಗತಿ ಒಂದು ಕ್ಷಣ ಸುಮ್ಮನಾಯಿತು.

ವಿವರಣೆ ಹೀಗಿದೆ. ಗೀರು ಎಂದರೆ ಒಂದು ಸಣ್ಣ ಕಾಲುವೆ. ಅದರ ಅಂಚುಗಳು ಬೆಳಕನ್ನು ಕಾಲುವೆಯ ಉದ್ದಕ್ಕೆ ಅಡ್ಡಲಾಗಿ ಎರಚುತ್ತವೆ. ಮೇಲ್ಮೈಯಲ್ಲಿ ಎಲ್ಲ ದಿಕ್ಕಿನ ಗೀರುಗಳೂ ಇರುತ್ತವೆ. ಆದರೆ ಬೆಳಕಿನ ಚುಕ್ಕೆಯ ಸುತ್ತ ಒಂದು ವೃತ್ತ ಎಳೆದರೆ, ಆ ವೃತ್ತದ ಸ್ಪರ್ಶರೇಖೆಯ ದಿಕ್ಕಿನಲ್ಲಿರುವ ಗೀರುಗಳು ಮಾತ್ರ ನಮ್ಮ ಕಣ್ಣಿನ ಕಡೆಗೆ ಬೆಳಕು ಕಳುಹಿಸುತ್ತವೆ. ಉಳಿದವು ಬೇರೆಡೆಗೆ ಕಳುಹಿಸಿ ಕಣ್ಣಿಗೆ ತಪ್ಪಿಸಿಕೊಳ್ಳುತ್ತವೆ. ಕಾಣುವ ತುಣುಕುಗಳನ್ನು ಕಣ್ಣು ಜೋಡಿಸಿ ಬಳೆ ಮಾಡಿಕೊಳ್ಳುತ್ತದೆ. ಹಾಗಾಗಿ ಗೀರು ಗೋಲವಾಗಿ ಕಂಡ ಮಾತ್ರಕ್ಕೆ ಕೈ ಗೋಲವಾಗಿ ಆಡಿತ್ತು ಎನ್ನಲು ಬರುವುದಿಲ್ಲ. ಕಪ್ಪುಹಲಗೆಯ ಎರಡನೇ ಊಹೆಯ ಮುಂದೆ ಮಕ್ಕಳೇ ‘ಸಾಕ್ಷಿ ಸಾಲದು’ ಎಂದು ಬರೆದರು.

ಇದೇ ಹೊತ್ತಿನಲ್ಲಿ ಪ್ರತಿಫಲನದ ಪಾಠ ನೆನಪಿಸಬಹುದು. ಹೊಸ ಪೆಟ್ಟಿಗೆಯಲ್ಲಿ ನಿಯತ ಪ್ರತಿಫಲನ ನಡೆಯುವುದರಿಂದ ಮುಖ ಕಾಣುವಷ್ಟು ಹೊಳಪು. ಗೀರುಗಳು ಹೆಚ್ಚಿದಂತೆ ಬೆಳಕು ನಾನಾ ದಿಕ್ಕಿಗೆ ಚದುರುತ್ತದೆ, ಕಪ್ಪು ಬಣ್ಣ ಬೂದಿಯಾಗಿ ಕಾಣುತ್ತದೆ. ಬಣ್ಣವೇನೂ ಹೋಗಿರುವುದಿಲ್ಲ, ಮೇಲ್ಮೈಯ ಸಮತಟ್ಟು ಹೋಗಿರುತ್ತದೆ.

ಹಂತ 2: ಪರಿಶೋಧನೆ – ಧೂಳಿನಲ್ಲಿ ಏನಿದೆ?

ತಂಡಗಳು ಕಿಟಕಿಯ ಹೊಸ್ತಿಲಿನ ಧೂಳನ್ನು ಬಿಳಿ ಕಾಗದದ ಮೇಲೆ ಉದುರಿಸಿ ಭೂತಗನ್ನಡಿಯಲ್ಲಿ ನೋಡಿದವು. ಕಪ್ಪು ಕಣ, ಕೆಂಪು ಮಣ್ಣು, ಬಟ್ಟೆಯ ಎಳೆ, ನಡುನಡುವೆ ಮಿಣಿಮಿಣಿ ಹೊಳೆಯುವ ಮರಳಿನ ಹರಳು. ಕಾಗದದ ಕೆಳಗೆ ಆಯಸ್ಕಾಂತ ಆಡಿಸಿದಾಗ ಕೆಲವು ಕಣಗಳು ಅದರ ಹಿಂದೆಯೇ ಹೊರಟವು. ‘ಇದು ರೈಲಿನ ಬ್ರೇಕಿನ ಕಬ್ಬಿಣ’ ಎಂದು ಒಬ್ಬ ಥಟ್ಟನೆ ಹೇಳಿದ. ಘಟ್ಟ ಇಳಿಯುವ ಗಾಡಿಗಳು ಬ್ರೇಕು ಹಿಡಿದೇ ಇಳಿಯುವುದರಿಂದ ಇದು ಒಳ್ಳೆಯ ಊಹೆ. ಆದರೆ ನಮ್ಮ ಕೆಂಪು ಮಣ್ಣಿನಲ್ಲಿಯೂ ಕಬ್ಬಿಣದ ಖನಿಜಗಳಿವೆ. ಆಯಸ್ಕಾಂತ ಒಂದರಿಂದಲೇ ಇವೆರಡನ್ನು ಬೇರ್ಪಡಿಸಲಾಗದು ಎಂಬ ಮಾತನ್ನೂ ಅಲ್ಲೇ ಸೇರಿಸಬೇಕು.

ಇಲ್ಲಿ ಗಡಸುತನದ ಪರಿಕಲ್ಪನೆ ತಂದೆ. ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಖನಿಜಗಳನ್ನು ಒಂದಕ್ಕೊಂದು ಗೀರಿ ನೋಡಿ 1ರಿಂದ 10ರವರೆಗಿನ ಕ್ರಮದಲ್ಲಿ ಜೋಡಿಸಿದರು. ಟಾಲ್ಕ್ 1, ಜಿಪ್ಸಂ 2, ಕ್ಯಾಲ್ಸೈಟ್ 3, ಬೆಣಚುಕಲ್ಲು 7, ವಜ್ರ 10. ಹೆಚ್ಚು ಅಂಕದ್ದು ಕಡಿಮೆ ಅಂಕದ್ದನ್ನು ಗೀರುತ್ತದೆ. ನಮ್ಮ ಉಗುರು ಸುಮಾರು 2.5, ಕಿಟಕಿಯ ಗಾಜು ಸುಮಾರು 5.5. ಸಾಮಾನ್ಯ ಮರಳಿನ ಹರಳು ಹೆಚ್ಚಾಗಿ ಬೆಣಚುಕಲ್ಲೇ. ಸ್ಪೀಕರ್ ಪೆಟ್ಟಿಗೆಯ ಪ್ಲಾಸ್ಟಿಕ್ಕಾಗಲಿ, ಬಣ್ಣದ ಪದರವಾಗಲಿ ಗಾಜಿಗಿಂತಲೂ ಬಹಳ ಮೆದು. ಕಲ್ಲಿದ್ದಲು ತಾನೇ ಮೆದುವಾದುದು, ಅದರೊಂದಿಗೆ ಬೆರೆತ ಮರಳು ಮತ್ತು ಖನಿಜದ ಚೂರುಗಳು ಗಡುಸು. ಕೈಗೆ ಮಸಿ ಬಳಿಯುವ ಕರಿ ಧೂಳಿಗಿಂತ ಕಣ್ಣಿಗೆ ಅಷ್ಟಾಗಿ ಕಾಣದ ಮರಳಿನ ಹರಳೇ ಹೊಳಪಿಗೆ ದೊಡ್ಡ ವೈರಿ.

‘ಗೀರು’ ಎಂಬ ಪದ ಕೆಲವು ಮಕ್ಕಳಿಗೆ ಹೊಸದು. ಮರಾಠಿ ಮನೆಮಾತಿನ ಮಗು ‘ಓರಖಡಾ’ ಎಂದಾಗ ಅದನ್ನೂ ಕಪ್ಪುಹಲಗೆಯಲ್ಲಿ ಪಕ್ಕದಲ್ಲೇ ಬರೆದೆ. ಗಡಿಭಾಗದ ತರಗತಿಯಲ್ಲಿ ಪರಿಕಲ್ಪನೆ ಮನೆಮಾತಿನ ಪದದ ಮೇಲೆ ಕುಳಿತರೆ ಮತ್ತೆ ಜಾರುವುದಿಲ್ಲ.

ಹಂತ 3: ನಾಲ್ಕು ಪಟ್ಟಿಗಳ ಪ್ರಯೋಗ

ಮೊದಲ ಊಹೆಯನ್ನು ಪರೀಕ್ಷಿಸಲು ಹೊಳಪಿನ ತುಂಡಿನ ಮೇಲೆ ಅ, ಆ, ಇ, ಈ ಎಂದು ನಾಲ್ಕು ಪಟ್ಟಿ ಗುರುತಿಸಲಾಯಿತು. ಮರದ ತುಂಡಿಗೆ ಒದ್ದೆ ಬಟ್ಟೆ ಸುತ್ತಿ, ದಾರದಿಂದ ಎಳೆದು, ಪ್ರತಿ ಪಟ್ಟಿಯ ಮೇಲೂ 20 ಸಲ ಓಡಿಸಬೇಕು. ಬಟ್ಟೆಯ ತೇವ ಮತ್ತು ಎಳೆಯುವ ಸಲ ಎಲ್ಲದಕ್ಕೂ ಒಂದೇ.

ಅ: ಸ್ವಚ್ಛ ಬಟ್ಟೆ, ಮರದ ತುಂಡಿನ ಭಾರ ಮಾತ್ರ.
ಆ: ಸ್ವಚ್ಛ ಬಟ್ಟೆ, ತುಂಡಿನ ಮೇಲೆ ಒಂದು ಲೀಟರ್ ನೀರಿನ ಬಾಟಲಿ, ಅಂದರೆ ಸುಮಾರು 1 ಕಿಲೋ ಹೆಚ್ಚುವರಿ ಭಾರ.
ಇ: ಹೊಸ್ತಿಲಿನ ಧೂಳು ಹತ್ತಿದ ಬಟ್ಟೆ, ತುಂಡಿನ ಭಾರ ಮಾತ್ರ.
ಈ: ಧೂಳು ಹತ್ತಿದ ಬಟ್ಟೆ, ಮೇಲೆ ನೀರಿನ ಬಾಟಲಿ.

ಟಾರ್ಚಿನಡಿ ನೋಡಿದಾಗ ಅ ಮತ್ತು ಆ ಪಟ್ಟಿಗಳಲ್ಲಿ ಬರಿಗಣ್ಣಿಗೆ ಕಾಣುವ ಗೀರು ಇರಲಿಲ್ಲ. ಇ ಪಟ್ಟಿಯಲ್ಲಿ ಸಣ್ಣ ಗೀರುಗಳು, ಈ ಪಟ್ಟಿಯಲ್ಲಿ ಇನ್ನೂ ಆಳವಾದವು. ಮಕ್ಕಳು ತಾವೇ ತಲುಪಿದ ತೀರ್ಮಾನ: ಭಾರ ಗೀರನ್ನು ಹೆಚ್ಚಿಸುತ್ತದೆ, ಆದರೆ ಗಡುಸು ಕಣ ಇಲ್ಲದಿದ್ದರೆ ಭಾರ ಒಂದೇ ಗೀರು ಹುಟ್ಟಿಸಲಿಲ್ಲ.

ಒತ್ತಡದ ಸೂತ್ರ ಇಲ್ಲಿ ಕೈಗೆ ಬರುತ್ತದೆ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ. ಇಡೀ ಬಟ್ಟೆಯ ಮೇಲೆ ಹರಡಿದ ಬಲ ಮೇಲ್ಮೈಯನ್ನು ನೋಯಿಸದು. ಅದೇ ಬಲದ ಒಂದು ಪಾಲು ಒಂದು ಹರಳಿನ ಚೂಪು ತುದಿಯ ಮೇಲೆ ಬಿದ್ದರೆ, ವಿಸ್ತೀರ್ಣ ಅತಿ ಕಡಿಮೆಯಾದ್ದರಿಂದ ಒತ್ತಡ ಬಹಳ ಹೆಚ್ಚು. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದು ಹರಳನ್ನು ಹಿಡಿದುಕೊಂಡು ಎಳೆಯುವ ಕೈಯಾಗುತ್ತದೆ.

ನಂತರ ಕೇಳಿದ ಪ್ರಶ್ನೆ: ‘ಪೆಟ್ಟಿಗೆ ಒರೆಸುವ ಬಟ್ಟೆ ಯಾವುದು?’ ಕಿಟಕಿ, ಮೇಜು, ಕಪ್ಪುಹಲಗೆ ಎಲ್ಲಕ್ಕೂ ಒಂದೇ ಬಟ್ಟೆ ಎಂದು ಗೊತ್ತಾಯಿತು. ‘ಹಾಗಾದರೆ ಬಟ್ಟೆ ಬದಲಿಸಬೇಕಿತ್ತು, ಅವಳನ್ನಲ್ಲ’ ಎಂದು ಹಿಂದಿನ ಸಾಲಿನಿಂದ ಮಾತು ಬಂತು. ಆ ಹುಡುಗಿ ತಲೆ ಎತ್ತಿ, ‘ಬೇರೆ ಬಟ್ಟೆ ಯಾರೂ ಕೊಟ್ಟೇ ಇಲ್ಲ’ ಎಂದಳು. ಇಡೀ ಪಾಠದಲ್ಲಿ ಅತ್ಯಂತ ಮುಖ್ಯವಾದ ದತ್ತಾಂಶ ಅದೇ ಆಗಿತ್ತು.

ಹಂತ 4: ವಿವರಣೆ – ಸ್ವಚ್ಛಗೊಳಿಸುವ ಕ್ರಮ ಮತ್ತು ಕಾರಣ

ಎರಡನೇ ಅವಧಿಯಲ್ಲಿ ಪ್ರತಿ ತಂಡ ಒಂದೊಂದು ಹಂತದ ಕಾರಣ ಹೇಳಬೇಕಿತ್ತು.

1. ಮೊದಲು ಪ್ಲಗ್ ತೆಗೆಯಬೇಕು. ಒದ್ದೆ ಕೈ, ಒದ್ದೆ ಬಟ್ಟೆ ಮತ್ತು ವಿದ್ಯುತ್ತು ಒಟ್ಟಿಗೆ ಸೇರಬಾರದು.

2. ಮುಟ್ಟುವ ಮೊದಲು ಗಾಳಿ. ರಬ್ಬರ್ ಬುರುಡೆಯ ಗಾಳಿಪಂಪಿನಿಂದ ಊದಬೇಕು, ನಂತರ ಮೆತ್ತನೆಯ ಕುಂಚದಿಂದ ಮೇಲಿನಿಂದ ಕೆಳಕ್ಕೆ ಹಗುರವಾಗಿ ಧೂಳು ಇಳಿಸಬೇಕು. ಬಾಯಿಂದ ಊದಿದರೆ ಎಂಜಲ ಹನಿ ಬಿದ್ದು ಕಲೆ ಉಳಿಯುತ್ತದೆ. ಹರಳನ್ನು ಒತ್ತದೆಯೇ ಹೊರಗೆ ಕಳುಹಿಸುವುದು ಈ ಹಂತದ ಗುರಿ.

3. ಒಣ ಬಟ್ಟೆಯಿಂದ ಉಜ್ಜಬಾರದು. ಒಣಗಿದ ದಿನದಲ್ಲಿ ಪ್ಲಾಸ್ಟಿಕ್ ತುಂಡನ್ನು ಉಣ್ಣೆಯಿಂದ ಉಜ್ಜಿ ಕಾಗದದ ಚೂರಿನ ಬಳಿ ಹಿಡಿದರೆ ಚೂರುಗಳು ಹಾರಿ ಅಂಟುತ್ತವೆ. ಪೆಟ್ಟಿಗೆಯೂ ಹೀಗೆಯೇ ವಿದ್ಯುದಾವೇಶ ಪಡೆದು ಧೂಳನ್ನು ಮತ್ತೆ ಕರೆಯುತ್ತದೆ. ತೇವ ಬಟ್ಟೆಯಲ್ಲಿ ಆವೇಶ ನಿಲ್ಲುವುದಿಲ್ಲ. ಈ ಪ್ರಯೋಗ ಮಳೆಗಾಲದಲ್ಲಿ ಕೈಕೊಡುತ್ತದೆ, ಜನವರಿ–ಫೆಬ್ರವರಿ ಸೂಕ್ತ.

4. ಬಟ್ಟೆ ತೇವವಿರಬೇಕು, ತೊಟ್ಟಿಕ್ಕಬಾರದು. ಬಹಳಷ್ಟು ಪೆಟ್ಟಿಗೆಗಳು ಮರದ ನಾರನ್ನು ಒತ್ತಿ ಮಾಡಿದ ಹಲಗೆಯವು. ಹೊರಗೆ ಬಣ್ಣವಿದ್ದರೂ ಅಂಚು, ತಿರುಪಿನ ತೂತುಗಳಲ್ಲಿ ನೀರು ಹೊಕ್ಕರೆ ಹಲಗೆ ಉಬ್ಬುತ್ತದೆ, ಮತ್ತೆ ಇಳಿಯುವುದಿಲ್ಲ. ಜಿಡ್ಡಿದ್ದರೆ ಒಂದು ಮಗ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ನಂತರ ಬರಿ ನೀರಿನ ಬಟ್ಟೆಯಿಂದ ಸೋಪು ತೆಗೆಯಬೇಕು.

5. ಬಟ್ಟೆಯನ್ನು ಎರಡು ಸಲ ಮಡಿಚಿದರೆ, ತಿರುಗಿಸಿ ಮುರುಗಿಸಿ ಎಂಟು ಸ್ವಚ್ಛ ಮುಖಗಳು ಸಿಗುತ್ತವೆ. ಒಂದು ಮುಖ ಕೊಳೆಯಾದೊಡನೆ ಇನ್ನೊಂದಕ್ಕೆ ಹೋಗಬೇಕು. ಬಟ್ಟೆ ನೆಲಕ್ಕೆ ಬಿದ್ದರೆ ತೊಳೆಯದೆ ಮತ್ತೆ ಬಳಸಬಾರದು.

6. ನೇರ ಗೆರೆಯಲ್ಲಿ, ಒಂದೇ ದಿಕ್ಕಿಗೆ, ಹಗುರವಾಗಿ ಒರೆಸಬೇಕು. ಅಕಸ್ಮಾತ್ ಗೀರು ಬಿದ್ದರೂ ಎಲ್ಲವೂ ಒಂದೇ ದಿಕ್ಕಿನವಾಗಿ, ಕೆಲವು ಕೋನಗಳಿಂದ ಮಾತ್ರ ಕಾಣುತ್ತವೆ. ಟಾರ್ಚಿನ ಪ್ರಯೋಗ ನೋಡಿದ ಮಕ್ಕಳು ಈ ಕಾರಣವನ್ನು ಹೇಳಿಕೊಡದೆಯೇ ಹೇಳಿದರು.

7. ಕೊನೆಗೆ ಒಣ ಮೈಕ್ರೋಫೈಬರ್ ಬಟ್ಟೆಯನ್ನು ಒತ್ತಿ ತೇವ ಹೀರಿಸಬೇಕು. ನೀರಿನ ಹನಿ ತಾನೇ ಒಣಗಿದರೆ ಅದರಲ್ಲಿದ್ದ ಲವಣ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

8. ಮುಂಭಾಗದ ಜಾಲರಿ ಮತ್ತು ಒಳಗಿನ ಕಾಗದದ ಶಂಕುವಿಗೆ ಒದ್ದೆ ಬಟ್ಟೆ ತಾಗಿಸಬಾರದು, ದ್ರವ ಸಿಂಪಡಿಸಬಾರದು. ಒಳಗೆ ಶಾಶ್ವತ ಆಯಸ್ಕಾಂತವಿದೆ. ಧೂಳಿನಲ್ಲಿ ಕಬ್ಬಿಣದ ಕಣಗಳಿದ್ದುದನ್ನು ಮಕ್ಕಳು ಆಗಲೇ ಕಂಡಿದ್ದರು. ಅವನ್ನು ಒಳಗೆ ದಬ್ಬುವ ಕೆಲಸ ನಮ್ಮಿಂದ ಆಗಬಾರದು.

ಬಳಸಬಾರದವು

ವಿಭೂತಿ, ಬೂದಿ, ಹಲ್ಲುಪುಡಿ, ಟೂತ್‌ಪೇಸ್ಟ್, ತೆಂಗಿನ ನಾರು, ಪಾತ್ರೆ ತಿಕ್ಕುವ ಸ್ಪಂಜಿನ ಒರಟು ಬದಿ ಇವೆಲ್ಲ ಉಜ್ಜಿ ಸವೆಸುವ ವಸ್ತುಗಳು. ಪೆಟ್ರೋಲ್, ಥಿನ್ನರ್, ಸ್ಯಾನಿಟೈಸರ್, ಅಮೋನಿಯಾ ಇರುವ ಗಾಜು ತೊಳೆಯುವ ದ್ರವ ಇವು ಕೆಲವು ಪ್ಲಾಸ್ಟಿಕ್ ಮತ್ತು ಬಣ್ಣಗಳನ್ನು ಮಂಕುಮಾಡುತ್ತವೆ, ಬಿರುಕು ಬಿಡಿಸುತ್ತವೆ. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವ ರೂಢಿ ನಮ್ಮಲ್ಲಿದೆ. ಆ ಹೊಳಪು ಒಂದು ದಿನದ್ದು, ಮರುದಿನದಿಂದ ಎಣ್ಣೆ ಧೂಳನ್ನು ಹಿಡಿದಿಡುತ್ತದೆ. ಮೇಣ ಸಣ್ಣ ಗೀರುಗಳನ್ನು ತುಂಬಿ ಮರೆಮಾಡಬಲ್ಲದೇ ಹೊರತು ಅಳಿಸಲಾರದು. ಗೀರು ತೆಗೆಯುವ ಪಾಲಿಶ್‌ಗಳು ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುತ್ತವೆ. ಪದರ ತೆಳುವಾಗಿದ್ದರೆ ಅದು ಅಪಾಯ, ಅನುಭವಿಗಳಿಗೇ ಬಿಡಬೇಕು.

ಹಂತ 5: ವಿಸ್ತರಣೆ – ಚನ್ನಪಟ್ಟಣದ ಹೊಳಪು

ಘರ್ಷಣೆ ಯಾವಾಗಲೂ ಹೊಳಪು ಕೆಡಿಸುತ್ತದೆಯೇ? ಇದಕ್ಕೆ ಚನ್ನಪಟ್ಟಣದ ಬೊಂಬೆ ಒಳ್ಳೆಯ ಉದಾಹರಣೆ. ಹಾಲೆ ಮರದ ತುಂಡು ಚರಕಿಯಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗರಿಯನ್ನು ಒತ್ತಿ ಹಿಡಿದು ಅದನ್ನು ಸಮವಾಗಿ ಹರಡಿ ಮಿರುಗು ತರುತ್ತಾರೆ. ಅಲ್ಲಿ ಘರ್ಷಣೆ ಪದರವನ್ನು ಕರಗಿಸಿ ಸಮತಟ್ಟು ಮಾಡುತ್ತದೆ, ಇಲ್ಲಿ ಹರಳಿನ ತುದಿಯಿಂದ ಪದರವನ್ನು ಕೊರೆಯುತ್ತದೆ. ಅರಗಿನಿಂದಲೇ ತಯಾರಾಗುವ ಫ್ರೆಂಚ್ ಪಾಲಿಶ್ ಬಳಿದ ಹಳೆಯ ರೇಡಿಯೋ ಪೆಟ್ಟಿಗೆಗಳು ಇನ್ನೂ ಕೆಲವು ಮನೆಗಳಲ್ಲಿವೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಅಂಥವನ್ನು ಸ್ಯಾನಿಟೈಸರ್‌ನಿಂದ ಒರೆಸಿದರೆ ಹೊಳಪಿನ ಪದರವೇ ಬಟ್ಟೆಗೆ ಬರುತ್ತದೆ.

ಕಾಪಾಡುವ ಬಗೆ

ಪೆಟ್ಟಿಗೆಯ ಮೇಲೆ ಕಾಗದದ ಚೂರು ಇಟ್ಟು ಹಾಡು ಹಾಕಿದರೆ ಚೂರು ಕುಣಿಯುತ್ತದೆ. ಮರಳು ಹಾಕಿ ತೋರಿಸುವ ರೂಢಿ ಇಲ್ಲಿ ಬೇಡ. ಶಬ್ದ ಬರುವಾಗ ಪೆಟ್ಟಿಗೆ ಕಂಪಿಸುತ್ತದೆ. ಆದ್ದರಿಂದ ಅದರ ಮೇಲೆ ಮೈಕು, ಬೀಗದ ಕೈ, ಸೀಮೆಸುಣ್ಣದ ಡಬ್ಬಿ ಇಟ್ಟರೆ ಅವು ನಡುಗುತ್ತ ಗೀರುತ್ತವೆ. ಹೊದಿಕೆ ಹತ್ತಿ ಬಟ್ಟೆಯದಿರಲಿ, ಧೂಳು ತೆಗೆದ ಮೇಲೆ ಹೊದಿಸಿ, ನುಡಿಸುವಾಗ ತೆಗೆಯಲಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿದರೆ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಎತ್ತರದಲ್ಲಿ, ನೇರ ಬಿಸಿಲು ಬೀಳದಲ್ಲಿ ಇಡುವುದು ಒಳ್ಳೆಯದು.

ಹಂತ 6: ಮೌಲ್ಯಮಾಪನ

ಕೆಳಗಿನ ಪ್ರಶ್ನೆಗಳನ್ನು ಬಳಸಲಾಯಿತು.

1. ಹೊಸ, ಮೆತ್ತನೆಯ ಬಟ್ಟೆಯಿಂದ ಒರೆಸಿದರೂ ಗೀರು ಬೀಳಬಹುದೇ? ಕಾರಣ ಕೊಡಿ.
2. ನಾಲ್ಕು ಪಟ್ಟಿಗಳ ಪ್ರಯೋಗದಲ್ಲಿ ಇ ಮತ್ತು ಈ ಮಾತ್ರ ಇದ್ದಿದ್ದರೆ ನಮ್ಮ ತೀರ್ಮಾನ ಏನಾಗುತ್ತಿತ್ತು?
3. ಅಪ್ಪನ ಬೈಕಿನ ಟ್ಯಾಂಕನ್ನು ಒರೆಸುವ ಮೊದಲು ನೀರು ಹರಿಸಬೇಕು ಏಕೆ?
4. ಕನ್ನಡಕವನ್ನು ಅಂಗಿಯ ಚುಂಗಿನಿಂದ ಒರೆಸುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು?

ಎರಡನೇ ಪ್ರಶ್ನೆ ಅತ್ಯಂತ ಉಪಯುಕ್ತ. ಇ ಮತ್ತು ಈ ಮಾತ್ರ ನೋಡಿದ್ದರೆ ‘ಭಾರವೇ ಕಾರಣ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆವು ಎಂದು ಬರೆದವರು ಪ್ರಯೋಗದ ತಿರುಳನ್ನು ಹಿಡಿದವರು. ಮೂರನೆಯದಕ್ಕೆ ‘ಹರಳು ಮೊದಲು ಹರಿದುಹೋಗಲಿ’ ಎಂಬ ಚುಟುಕು ಉತ್ತರವೂ ಬಂತು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಮಾರ್ಗದರ್ಶಿ ಶಿಕ್ಷಕರು ವೀಕ್ಷಣೆಯ ನಂತರ ಒಂದು ಪ್ರಶ್ನೆ ಇಟ್ಟರು: ಸ್ವಚ್ಛಗೊಳಿಸುವ ಕ್ರಮವನ್ನು ಹತ್ತು ನಿಮಿಷದಲ್ಲಿ ಹೇಳಬಹುದಿತ್ತು, ಎರಡು ಅವಧಿ ಬೇಕಿತ್ತೇ? ಸೂಚನೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ನಿಜ. ಆದರೆ ಹಾಗೆ ಹೇಳಿದ್ದರೆ ‘ಗೀರಿಗೆ ಅವಳೇ ಕಾರಣ’ ಎಂಬ ನಂಬಿಕೆ ತರಗತಿಯಲ್ಲಿ ಹಾಗೆಯೇ ಉಳಿಯುತ್ತಿತ್ತು. ಒಬ್ಬರತ್ತ ಬೆರಳು ತೋರಿಸುವ ಮುಂಚೆ ಇನ್ನಾವ ಅಂಶ ಬದಲಾಗಿದೆ ಎಂದು ಕೇಳುವ ಅಭ್ಯಾಸ ಸೂಚನೆಯಿಂದ ಬರುವುದಿಲ್ಲ, ಪ್ರಯೋಗದಿಂದ ಬರುತ್ತದೆ.

ಈ ಪಾಠ ಮಾಡುವವರು ಮೂರು ವಿಷಯ ಗಮನಿಸಲಿ. ಮಕ್ಕಳ ಊಹೆಯಲ್ಲಿ ಯಾರದಾದರೂ ಹೆಸರಿದ್ದರೆ ಹೆಸರು ಬಿಟ್ಟು ಊಹೆಯನ್ನು ಮಾತ್ರ ಬರೆದುಕೊಳ್ಳಿ. ಪ್ರಯೋಗಕ್ಕೆ ಕೆಟ್ಟ ವಸ್ತುವಿನ ತುಂಡನ್ನೇ ಬಳಸಿ, ಅದರ ಕತ್ತರಿಸಿದ ಅಂಚುಗಳಿಗೆ ಮೊದಲೇ ಟೇಪು ಸುತ್ತಿ. ನಿಮ್ಮ ಊರಿನ ಧೂಳನ್ನೇ ತೆಗೆದುಕೊಳ್ಳಿ: ದಾಂಡೇಲಿಯ ಧೂಳು ಬೇರೆ, ಹಳಿಯಾಳದ ಹೊಲದ ಧೂಳು ಬೇರೆ, ಮುಂಡಗೋಡದ್ದು ಬೇರೆ. ಹೋಲಿಸಿ ನೋಡಲು ಅದೇ ಒಂದು ಯೋಜನಾ ಕಾರ್ಯವಾದೀತು.

ಪಾಠದ ಕೊನೆಗೆ ಮಕ್ಕಳು ಎಂಟು ಹಂತಗಳ ಚೀಟಿ ಬರೆದು ಪೆಟ್ಟಿಗೆ ಇಡುವ ಕಪಾಟಿನ ಒಳಬಾಗಿಲಿಗೆ ಅಂಟಿಸಿದರು, ಪೆಟ್ಟಿಗೆಗೆ ಅಲ್ಲ. ಅದರ ಪಕ್ಕ ಮೊಳೆಗೆ ಎರಡು ಬಟ್ಟೆ ತೂಗುಹಾಕಿ, ‘ಸ್ಪೀಕರಿಗೆ ಮಾತ್ರ’ ಎಂದು ಬರೆದರು. ಒರೆಸುವ ಕೆಲಸ ವಾರಕ್ಕೊಬ್ಬರಂತೆ ಎಲ್ಲರಿಗೂ ಹಂಚಿಕೆಯಾಯಿತು. ಹೊಸಬರಿಗೆ ಕಲಿಸುವ ಹೊಣೆಯನ್ನು ತರಗತಿಯೇ ಆ ವಿದ್ಯಾರ್ಥಿನಿಗೆ ವಹಿಸಿತು.